ಭತ್ತ, ಅಕ್ಕಿ, ಅನ್ನ ಮತ್ತು ಜಪಾನಿ ನಿಘಂಟು

ಕೇಳುಗರಿಗೆ ನಮಸ್ಕಾರ.

ನಾನು ಜಪಾನಿ ಕಲಿಯಲು ಕೂತಾಗ ಕೈಯಲ್ಲಿದ್ದದ್ದು ಇಂಗ್ಲಿಷ್ ನಿಘಂಟು. 'ಇನೆ' ಅಂದರೆ ರೈಸ್. 'ಕೊಮೆ' ಅಂದರೂ ರೈಸ್. 'ಗೊಹಾನ್' ನೋಡಿದರೆ ಅದೂ ರೈಸ್! ಯಾವುದನ್ನು ಎಲ್ಲಿ ಹೇಳಬೇಕು? ಒಂದು ವಾರ ತಲೆ ಕೆರೆದುಕೊಂಡೆ. ಒಂದು ದಿನ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುವಾಗ ಹೊಳೆಯಿತು. ಗದ್ದೆಯಲ್ಲಿ ನಿಂತದ್ದು ಇನೆ, ನಮ್ಮ ಭತ್ತದ ಪೈರು. ಡಬ್ಬದಲ್ಲಿರುವುದು ಕೊಮೆ, ಅಕ್ಕಿ. ಬೆಂದು ಬಟ್ಟಲಿಗೆ ಬಂದದ್ದು ಗೊಹಾನ್, ಅನ್ನ. ಸುಮ್ನೆ ಇಂಗ್ಲಿಷಿನ ಮೇಲೆ ಸುತ್ತಿ ಬಂದಿದ್ದೆ.

ಇನ್ನೊಂದು ತಮಾಷೆ ಇದೆ. ಜಪಾನಿನಲ್ಲಿ ಗೊಹಾನ್ ಅಂದರೆ ಊಟವೂ ಹೌದು. ಬೆಳಗಿನ ತಿಂಡಿ 'ಅಸಾಗೊಹಾನ್'. ತಟ್ಟೆಯಲ್ಲಿರುವುದು ಬರೀ ಬ್ರೆಡ್ ಆದರೂ ಹೆಸರು ಅದೇ. ಆದರೆ ಅದೇ ಅನ್ನವನ್ನು ಹೋಟೆಲಿನಲ್ಲಿ ಪಾಶ್ಚಾತ್ಯ ಅಡುಗೆಯ ಜೊತೆ ಚಪ್ಪಟೆ ತಟ್ಟೆಯಲ್ಲಿ ಕೊಟ್ಟರೆ ಅದು 'ರೈಸು' ಆಗಿಬಿಡುತ್ತದೆ!

ಚಳಿಯದ್ದೂ ಇದೇ ಕಥೆ. 'ಸಮುಯ್', 'ತ್ಸುಮೆತಾಯ್' ಎರಡಕ್ಕೂ ನಿಘಂಟು ಕೊಡುವುದು ಕೋಲ್ಡ್ ಅಂತ. ಡಿಸೆಂಬರಿನಲ್ಲಿ ಬಾಗಿಲು ತೆಗೆದ ಕೂಡಲೇ ಮೈಗೆ ಬಡಿಯುವುದು ಚಳಿ, ಅದು ಸಮುಯ್. ನಲ್ಲಿ ನೀರಿಗೆ ಕೈಯೊಡ್ಡಿದರೆ ತಣ್ಣಗೆ, ಅದು ತ್ಸುಮೆತಾಯ್. ನೀರು ಚಳಿಯಾಗಿದೆ ಅಂತ ನಾವು ಹೇಳುತ್ತೇವಾ? ಅವರೂ ಹೇಳುವುದಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು 'ಶಿರು' ಮತ್ತು 'ವಕರು'. ಒಂದು ತಿಳಿದಿರುವುದು, ಇನ್ನೊಂದು ಅರ್ಥವಾಗುವುದು ಅಂತ ಬಾಯಿಪಾಠ ಮಾಡಿದ್ದೆ. "ನಾಳೆ ಬರ್ತೀರಾ?" ಅಂತ ಟೀಚರ್ ಕೇಳಿದರು. ಗೊತ್ತಿಲ್ಲ ಅನ್ನಬೇಕಿತ್ತು. "ಶಿರಿಮಸೆನ್" ಅಂದೆ. ಅವರ ಹುಬ್ಬು ಮೇಲೇರಿತು. "ನಂಗೇನು ಗೊತ್ತು?" ಅಂದಂತಾಗಿತ್ತು. ನಾಳೆ ಬರುವುದು ನಾನೇ ಅಲ್ವಾ? "ಮದಾ ವಕರಿಮಸೆನ್" ಅನ್ನಬೇಕಂತೆ. ಮನೆಗೆ ಬಂದು ಯೋಚಿಸಿದರೆ, ಈ ವ್ಯತ್ಯಾಸವೂ ಕನ್ನಡದಲ್ಲಿದೆ. ಗೊತ್ತಿಲ್ಲ ಬೇರೆ, ಇನ್ನೂ ಗೊತ್ತಾಗಿಲ್ಲ ಬೇರೆ. ಶಿರು ಅಂದರೆ ಗೊತ್ತಿರುವುದು, ವಕರು ಅಂದರೆ ಗೊತ್ತಾಗುವುದು. ಯಾವ ನಿಘಂಟಿಗಿಂತಲೂ ಈ ಜೋಡಿ ನನಗೆ ಚೆನ್ನಾಗಿ ಹಿಡಿಸಿತು. ಎಲ್ಲ ಕಡೆಯೂ ಅಳತೆಗೆ ಸರಿಯಾಗಿ ಕೂರುವುದಿಲ್ಲ, ಆದರೆ ಮಾತಿಗೆ ಮುಂಚೆ ಒಂದು ಸಲ ಒರೆ ಹಚ್ಚಲು ಸಾಕು.

ಕನ್ನಡವೇ ಗುಂಡಿಗೆ ಬೀಳಿಸುವ ಜಾಗವೂ ಒಂದಿದೆ. ಜಪಾನಿಯಲ್ಲಿ 'ಇರು' ಅನ್ನುವ ಕ್ರಿಯಾಪದವಿದೆ. ಅರ್ಥವೂ ಹೆಚ್ಚುಕಡಿಮೆ ನಮ್ಮ ಇರುವುದೇ! ಕೇಳಿ ಕುಣಿದಾಡಿದ್ದೆ. ಆದರೆ ಅದು ಮನುಷ್ಯರಿಗೆ, ಪ್ರಾಣಿಗಳಿಗೆ ಮಾತ್ರ. ವಸ್ತುಗಳಿಗೆ 'ಅರು'. ಜೀವವಿದ್ದರೂ ಮರಗಿಡಗಳಿಗೆ ಅರುವೇ. ನಾನು ಕ್ಲಾಸಿನಲ್ಲಿ ಮೇಜು ತೋರಿಸಿ ಧೈರ್ಯವಾಗಿ "ತ್ಸುಕುಎ ಗ ಇರು" ಅಂದೆ. ಟೀಚರ್ ಬಗ್ಗಿ ಮೇಜಿನ ಕಾಲುಗಳನ್ನು ನೋಡಿದರು. "ಎಲ್ಲಿಗೂ ಹೊರಟಿಲ್ಲ" ಅಂದರು.