ಟಿಫಿನ್ ಡಬ್ಬಿಯಲ್ಲೊಂದು ಸೋಲ್ಡರಿಂಗ್ ಐರನ್

ನಮಸ್ಕಾರ. ಹೋದ ವರ್ಷ ಗಣೇಶನ ಹಬ್ಬಕ್ಕೆ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಮಂಟಪಕ್ಕೆ ಕಟ್ಟಿದ್ದ ಸೀರಿಯಲ್ ಸೆಟ್ ಹತ್ತಲಿಲ್ಲ. ನೋಡಿದರೆ ಒಂದು ಕಡೆ ವೈರು ಬೆಸುಗೆ ಬಿಟ್ಟು ಬಂದಿತ್ತು, ಅಷ್ಟೇ. ಎರಡು ನಿಮಿಷದ ಕೆಲಸ. ಆದರೆ ಬೆಸುಗೆ ಹಾಕುವ ನನ್ನ ಸೋಲ್ಡರಿಂಗ್ ಐರನ್ ಬೆಂಗಳೂರಿನ ಮೇಜಿನ ಮೇಲಿತ್ತು. ಅಟ್ಟದಲ್ಲಿ ಹಳೇ ಸೋಲ್ಡರ್, ಅಂದರೆ ಬೆಸುಗೆಗೆ ಕರಗಿಸುವ ಲೋಹದ ತಂತಿ, ತುಂಡೊಂದು ಸಿಕ್ಕಿತು. ಸರಿ ಅಂತ ಪ್ಲಗ್ ಕಿತ್ತು, ಸ್ಕ್ರೂ ಡ್ರೈವರನ್ನೇ ಗ್ಯಾಸ್ ಒಲೆ ಮೇಲೆ ಕೆಂಪಗೆ ಕಾಯಿಸಿ ಹಿಡಿದೆ. ಸೋಲ್ಡರ್ ಕರಗಿತು, ಆದರೆ ಅಂಟಲಿಲ್ಲ. ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಉರುಳಿ ನೆಲಕ್ಕೆ ಬಿತ್ತು. ಉಕ್ಕು ಬೆಂಕಿಗೆ ಕಪ್ಪಾದರೆ ಅದರ ಮೇಲೆ ಸೋಲ್ಡರ್ ಕೂರುವುದಿಲ್ಲ. ಸ್ಕ್ರೂ ಡ್ರೈವರಿನ ಹದವೂ ಹೋಗಿ, ಆಮೇಲೆ ಒಂದು ಬಿಗಿ ಸ್ಕ್ರೂ ತಿರುಗಿಸಲು ಹೋದರೆ ಅದರ ತುದಿಯೇ ತಿರುಚಿಕೊಂಡಿತು. ಚಿಕ್ಕಪ್ಪ ಕಾಫಿ ಕುಡಿಯುತ್ತಾ ಎಲ್ಲಾ ನೋಡಿ, "ಅಷ್ಟೊತ್ತಿಗೆ ಪೇಟೆಗೆ ಹೋಗಿ ಹೊಸದೇ ತರಬಹುದಿತ್ತಲ್ಲ ಮಾರಾಯ" ಅಂದರು.

ಅವತ್ತಿನಿಂದ ಊರಿಗೆ ಹೊರಟರೆ ಬ್ಯಾಗಿನಲ್ಲಿ ಒಂದು ಸ್ಟೀಲ್ ಟಿಫಿನ್ ಡಬ್ಬಿ ಇರುತ್ತದೆ. ಅದರಲ್ಲಿ ಹಿಡಿಸಿದ್ದಷ್ಟೇ ನನ್ನ ವರ್ಕ್‌ಶಾಪ್.

ಮೊದಲು ಐರನ್ ವಿಷಯ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಮಾಮೂಲಿ 25 ವ್ಯಾಟ್ ಐರನ್ ಕೆಟ್ಟದ್ದೇನಲ್ಲ, ಆದರೆ ಊರಲ್ಲಿ ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿದರೆ ಅದು 15 ವ್ಯಾಟ್‌ನಷ್ಟೇ ಕಾಯುತ್ತದೆ. ಕರೆಂಟೇ ಹೋದರೆ ಕಥೆ ಮುಗಿಯಿತು. ಹಾಗಾಗಿ ಪೈನ್‌ಸಿಲ್ ಅನ್ನುವ ಮಾಡೆಲ್ ಥರದ, ಟೈಪ್-ಸಿ ಕೇಬಲ್ ಹಾಕುವ ಐರನ್ ಇಟ್ಟುಕೊಂಡಿದ್ದೇನೆ, ಪೆನ್ನಿನಷ್ಟು ಉದ್ದ, ಪವರ್ ಬ್ಯಾಂಕಿನಲ್ಲೇ ಕಾಯುತ್ತದೆ. ಒಂದು ಮಾತು: 5 ವೋಲ್ಟ್ ಮಾತ್ರ ಕೊಡುವ ಪವರ್ ಬ್ಯಾಂಕ್ ಇದಕ್ಕೆ ಸಾಲದು. ಪಿಡಿ (ಪವರ್ ಡೆಲಿವರಿ) ಅಂತ ಬರೆದಿರುವ, 20 ವೋಲ್ಟ್ ಕೊಡುವಂಥದ್ದಾದರೆ ಒಳ್ಳೆಯದು. ಮತ್ತೆ, ಐರನ್ ಆಫ್ ಮಾಡುವ ಮುಂಚೆ ತುದಿಗೆ ಒಂದು ಹನಿ ಸೋಲ್ಡರ್ ಬಳಿದು ಬಿಡಿ. ಇಲ್ಲದಿದ್ದರೆ ಅದೂ ನನ್ನ ಸ್ಕ್ರೂ ಡ್ರೈವರಿನ ಹಾಗೆ ಕಪ್ಪಾಗಿ ಕೂರುತ್ತದೆ.

ಸೋಲ್ಡರ್ ಇಡೀ ಉರುಳೆ ಹೊರಬೇಡಿ, ಎರಡು ಮೀಟರ್ ಸುತ್ತಿಕೊಂಡರೆ ಸಾಕು. ನಾನು 60 ಪಾಲು ತವರ, 40 ಪಾಲು ಸೀಸ ಇರುವುದನ್ನೇ ಒಯ್ಯುತ್ತೇನೆ. ಸೀಸವಿಲ್ಲದ್ದಕ್ಕಿಂತ ಕಡಿಮೆ ಶಾಖಕ್ಕೆ ಕರಗುತ್ತದೆ, ಆತುರದ ಕೆಲಸಕ್ಕೆ ಹಗುರ.

ಇನ್ನು ವೋಲ್ಟೇಜ್, ತಂತಿ ಎಲ್ಲಾ ಪರೀಕ್ಷಿಸುವ ಮಲ್ಟಿಮೀಟರ್. ನಿಜ ಹೇಳಬೇಕೆಂದರೆ, ಎರಡರಲ್ಲಿ ಒಂದೇ ಒಯ್ಯಿ ಅಂದರೆ ನಾನು ಐರನ್ ಬಿಟ್ಟು ಇದನ್ನೇ ಒಯ್ಯುತ್ತೇನೆ. ತಂತಿ ಎಲ್ಲಿ ಕಡಿದಿದೆ ಅಂತ 'ಬೀಪ್' ಸದ್ದಿನಲ್ಲಿ ಗೊತ್ತಾಗಿಬಿಟ್ಟರೆ ಅರ್ಧ ರಿಪೇರಿ ಆದಂತೆ ಅಲ್ವಾ? ಆದರೆ ಅಗ್ಗದ ಹಳದಿ ಮೀಟರಿನಲ್ಲಿ ಒಂದು ಗಂಡಾಂತರ ಇದೆ. 10 ಆಂಪಿಯರ್ ಅಂತ ಬರೆದಿರುವ ತೂತಿಗೆ ಬಹಳಷ್ಟು ಮೀಟರುಗಳಲ್ಲಿ ಫ್ಯೂಸೇ ಇರುವುದಿಲ್ಲ. ಕೆಂಪು ವೈರು ಅಲ್ಲೇ ಇರುವುದನ್ನು ಮರೆತು ಗೋಡೆ ಪ್ಲಗ್ಗಿನ ವೋಲ್ಟೇಜ್ ನೋಡಲು ಹೋದರೆ ನೇರ ಶಾರ್ಟ್. ನಾನು ಆ ತೂತಿಗೆ ಟೇಪ್ ಹಚ್ಚಿಟ್ಟಿದ್ದೇನೆ.

ಉಳಿದದ್ದು ಚಿಲ್ಲರೆ: ಕಟ್ಟರ್, ಚಿಮುಟ, ಬಿಟ್ ಬದಲಿಸುವ ಸ್ಕ್ರೂ ಡ್ರೈವರ್, ಟೇಪ್, ಹಳೇ ಹಲ್ಲುಜ್ಜುವ ಬ್ರಶ್. ಜೊತೆಗೆ 2.5 ಮೈಕ್ರೋಫ್ಯಾರಡ್‌ನ ಒಂದು ಫ್ಯಾನ್ ಕೆಪಾಸಿಟರ್. ನಗಬೇಡಿ! ನೆಂಟರ ಮನೆಗೆ ಹೋದಾಗ "ನಮ್ಮ ಫ್ಯಾನ್ ಯಾಕೋ ನಿಧಾನ ಕಣೋ" ಅನ್ನುವ ಮಾತೇ ನನಗೆ ಎಲ್ಲಕ್ಕಿಂತ ಜಾಸ್ತಿ ಕೇಳುವುದು, ಅದರಲ್ಲಿ ಎಷ್ಟೋ ಸಲ ತಪ್ಪು ಈ ಕೆಪಾಸಿಟರಿನದ್ದೇ. ಮೇನ್ ಆಫ್ ಮಾಡಿ, ಹಳೆಯದರ ಮೇಲಿನ ಅಂಕಿ ನೋಡಿ, ಅದೇ ಅಳತೆಯದ್ದು ಹಾಕಿ.

ಈಗ ಶಿವಮೊಗ್ಗಕ್ಕೆ ವಿಮಾನವೂ ಇದೆ. ಹಾಗೆ ಹೋಗುವವರು ಕಟ್ಟರ್, ಸ್ಕ್ರೂ ಡ್ರೈವರ್ ಎಲ್ಲಾ ಚೆಕ್-ಇನ್ ಬ್ಯಾಗಿಗೆ ಹಾಕಿ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಮಿತಿ 100 ವ್ಯಾಟ್-ಅವರ್, 20,000 ಎಂಎಎಚ್‌ನದ್ದು ಸುಮಾರು 74 ಆಗುತ್ತದೆ, ತೊಂದರೆ ಇಲ್ಲ.

ಆ ಡಬ್ಬಿ ಮಾತ್ರ ಮತ್ತೆ ಊಟಕ್ಕೆ ಬಾರದು, ಸೀಸ ಮುಟ್ಟಿದ್ದು. ಕೆಲಸ ಆದ ಮೇಲೆ ನಾವೂ ಸೋಪು ಹಾಕಿ ಕೈ ತೊಳೆಯಬೇಕು. ಅಮ್ಮನಿಗೆ ಇನ್ನೂ ಅದರ ಮೇಲೆ ಕಣ್ಣು, ಒಳ್ಳೇ ದಪ್ಪ ಸ್ಟೀಲು ಅಂತ. ಅದಕ್ಕೇ ಅದರ ಹೊಟ್ಟೆ ಮೇಲೆ ಕೆಂಪು ಪೇಂಟಿನಲ್ಲಿ 'ಅನ್ನ ಹಾಕಬೇಡಿ' ಅಂತ ಬರೆದಿದ್ದೇನೆ.