ಎಡಬಿಡಂಗಿ ರಾಜಕುಮಾರ

ನಮಸ್ಕಾರ ಕೇಳುಗರೇ. ಇವತ್ತು ಒಂದು ಹಳೇ ವಿಡಿಯೋ ಗೇಮಿನ ವಿಷಯ ಮಾತಾಡೋಣ. ಗೇಮ್ ಅಂದ ಕೂಡಲೇ ರೇಡಿಯೋ ಬಂದ್ ಮಾಡಬೇಡಿ. ಇದರಲ್ಲಿ ಮೂರು ಜನ ದಾಯಾದಿಗಳಿದ್ದಾರೆ. ಅವರಲ್ಲಿ ಒಬ್ಬ ಎಡಬಿಡಂಗಿ. ಅಂಥವನೊಬ್ಬ ಎಲ್ಲರ ಮನೆಯಲ್ಲೂ ಇರುತ್ತಾನೆ, ಅಲ್ವಾ?

ಗೇಮಿನ ಹೆಸರು ಡ್ರ್ಯಾಗನ್ ಕ್ವೆಸ್ಟ್ ಎರಡು. ಜಪಾನಿನಲ್ಲಿ 1987ರ ಜನವರಿಯಲ್ಲಿ, ಫ್ಯಾಮಿಕಾಮ್ ಅನ್ನುವ ಆಟದ ಪೆಟ್ಟಿಗೆಗೆ ಬಂತು. ಕಥೆ ಕಟ್ಟಿದವರು ಯೂಜಿ ಹೋರಿ, ಚಿತ್ರ ಅಕಿರಾ ತೋರಿಯಾಮಾ ಅವರದು. ಮೊದಲನೇ ಭಾಗ ಬಂದು ಆಗ ಇನ್ನೂ ಎಂಟು ತಿಂಗಳು. ಆ ಭಾಗದಲ್ಲಿ ನಾಯಕ ಒಬ್ಬನೇ. ಎದುರಿಗೆ ಬರುವ ರಾಕ್ಷಸನೂ ಒಬ್ಬನೇ. ನಮ್ಮ ಗರಡಿಮನೆ ಕುಸ್ತಿಯ ಹಾಗೆ, ಒಬ್ಬನಿಗೆ ಒಬ್ಬ. ಎರಡನೇ ಭಾಗದಲ್ಲಿ ಈ ಕಡೆ ಮೂವರಾದರು, ಆ ಕಡೆ ಗುಂಪು ಗುಂಪಾಗಿ ಬರತೊಡಗಿದರು.

ಇಂಗ್ಲಿಷಿನಲ್ಲಿ ಊರುಗಳ ಹೆಸರು ಬೇರೆ ಮಾಡಿದ್ದಾರೆ. ನಾನು ಜಪಾನಿ ಹೆಸರುಗಳನ್ನೇ ಹೇಳುತ್ತೇನೆ, ಬಾಯಿಗೆ ಅವೇ ಚೆನ್ನ.

ಕಥೆ ಇಷ್ಟೇ. ಮೊದಲ ಭಾಗದ ವೀರ ಸತ್ತು ಹೋಗಿ ಕಾಲವಾಗಿದೆ, ನೂರು ವರ್ಷ ಕಳೆದಿದೆ. ಅವನ ವಂಶದವರು ಮೂರು ರಾಜ್ಯ ಆಳುತ್ತಿದ್ದಾರೆ. ಹಾರ್ಗೋನ್ ಅನ್ನುವ ದುಷ್ಟ ಪೂಜಾರಿಯ ದಂಡು ಮೂನ್‌ಬ್ರೂಕ್ ಕೋಟೆಯನ್ನು ಸುಟ್ಟು ಬೂದಿ ಮಾಡುತ್ತದೆ. ಗಾಯಗೊಂಡ ಒಬ್ಬ ಸೈನಿಕ ಲೋರೇಶಿಯಾಕ್ಕೆ ಬಂದು ಸುದ್ದಿ ಹೇಳಿ ಪ್ರಾಣ ಬಿಡುತ್ತಾನೆ. ಲೋರೇಶಿಯಾದ ರಾಜ ಮಗನನ್ನು ಕರೆದು, ಹೋಗಿ ಬಾರಪ್ಪ ಅನ್ನುತ್ತಾನೆ. ಕೊಡುವುದು ಏನು ಗೊತ್ತಾ? ಒಂದು ತಾಮ್ರದ ಕತ್ತಿ, 50 ನಾಣ್ಯ. ಲೋಕ ಉಳಿಸಲು ಹೊರಟ ಮಗನಿಗೆ 50 ನಾಣ್ಯ! ನಮ್ಮಪ್ಪ ನನ್ನನ್ನು ಹಾಸ್ಟೆಲ್ಲಿಗೆ ಕಳಿಸಿದಾಗಲೂ ಸ್ವಲ್ಪ ಜಾಸ್ತಿ ಕೊಟ್ಟಿದ್ದರು.

ಈ ಲೋರೇಶಿಯಾದ ರಾಜಕುಮಾರ ಭೀಮನ ಜಾತಿ. ತೋಳಿನಲ್ಲಿ ಬಲ, ಮೈಯಲ್ಲಿ ಗಟ್ಟಿ. ಎಂಥ ಭಾರದ ಕತ್ತಿ ಕೊಟ್ಟರೂ ಎತ್ತುತ್ತಾನೆ. ಆದರೆ ಮಂತ್ರ? ಒಂದೇ ಒಂದು ಬರುವುದಿಲ್ಲ. ಸಣ್ಣ ಗಾಯ ವಾಸಿ ಮಾಡುವ ಮಂತ್ರವೂ ಇಲ್ಲ. ಎಷ್ಟು ಮೇಲಿನ ಹಂತಕ್ಕೆ ಹೋದರೂ ಅವನ ಮಂತ್ರಶಕ್ತಿಯ ಲೆಕ್ಕ ಸೊನ್ನೆಯಲ್ಲೇ ನಿಂತಿರುತ್ತದೆ. ಮೊದಲ ಭಾಗದ ವೀರನಿಗೆ ಕತ್ತಿಯೂ ಬರುತ್ತಿತ್ತು, ಮಂತ್ರವೂ ಬರುತ್ತಿತ್ತು. ಆಸ್ತಿ ಪಾಲಾದ ಹಾಗೆ ಆ ವಿದ್ಯೆಯೂ ಮೊಮ್ಮಕ್ಕಳ ಕಾಲಕ್ಕೆ ಪಾಲಾಗಿ ಹೋಗಿದೆ ಅಂತ ನನಗೆ ಅನ್ನಿಸುತ್ತದೆ. ಇವನ ಪಾಲಿಗೆ ಬಂದಿದ್ದು ಕತ್ತಿ ಮಾತ್ರ.

ಮಂತ್ರದ ಪಾಲು ಹೋಗಿದ್ದು ಮೂನ್‌ಬ್ರೂಕಿನ ರಾಜಕುಮಾರಿಗೆ. ಆ ಹುಡುಗಿಯನ್ನು ಹಾರ್ಗೋನ್ ಕಡೆಯವರು ಶಾಪ ಹಾಕಿ ನಾಯಿ ಮಾಡಿಬಿಟ್ಟಿದ್ದಾರೆ. ಒಂದು ಊರಿಗೆ ಹೋದರೆ ನಾಯಿಯೊಂದು ಸುಮ್ನೆ ನಮ್ಮ ಹಿಂದೆ ಹಿಂದೆ ಬರುತ್ತದೆ. ಆಡುವವರು ಲಕ್ಷ್ಯ ಕೊಡುವುದಿಲ್ಲ. ನಾನೂ ಕೊಡಲಿಲ್ಲ. ಆಮೇಲೆ ಕೆಸರಲ್ಲಿ ಹುಡುಕಿ ತಂದ ಕನ್ನಡಿ ಹಿಡಿದಾಗ ಗೊತ್ತಾಗುವುದು, ಅವಳೇ ರಾಜಕುಮಾರಿ ಅಂತ. ಅವಳು ಬಂದ ಮೇಲೆ ಯುದ್ಧದ ಬಣ್ಣವೇ ಬದಲಾಗುತ್ತದೆ. ಗಾಳಿಯ ಮಂತ್ರ ಹಾಕಿದರೆ ಒಂದು ಗುಂಪು ಪೂರ್ತಿ ತತ್ತರಿಸುತ್ತದೆ. ಮುಂದೆ ಸ್ಫೋಟದ ಮಂತ್ರ ಕಲಿತ ಮೇಲಂತೂ ಎದುರಿಗಿದ್ದವರಿಗೆಲ್ಲ ಒಟ್ಟಿಗೆ ಏಟು. ಪರುಪುಂಟೆ ಅಂತ ಇನ್ನೊಂದು ಕಲಿಯುತ್ತಾಳೆ. ಅದರಿಂದ ಏನಾಗುತ್ತದೆ ಅಂತ ಹಾಕಿದವಳಿಗೇ ಗೊತ್ತಿರುವುದಿಲ್ಲ. ರಾಕ್ಷಸರು ಓಡಿದರೂ ಓಡಿದರು, ನಮ್ಮವರಿಗೇ ತಲೆ ತಿರುಗಿದರೂ ತಿರುಗಿತು. ಆದರೆ ಮೈ ಬಲು ಸೂಕ್ಷ್ಮ. ಭಾರದ ಕವಚ ತೊಡುವ ಹಾಗಿಲ್ಲ. ಎರಡು ಏಟು ಬಿದ್ದರೆ ಮಲಗಿದಳು ಅಂತಲೇ ಲೆಕ್ಕ.

ಈಗ ನಮ್ಮ ಎಡಬಿಡಂಗಿಗೆ ಬರೋಣ. ಸಮಾಲ್ಟ್ರಿಯಾದ ರಾಜಕುಮಾರ.

ಇವನನ್ನು ಸೇರಿಸಿಕೊಳ್ಳುವುದೇ ಒಂದು ಪಡಿಪಾಟಲು. ಅವನ ಕೋಟೆಗೆ ಹೋದರೆ, ನಿಮ್ಮನ್ನೇ ಹುಡುಕಿಕೊಂಡು ಹೋದ ಅನ್ನುತ್ತಾರೆ. ಯಾವುದೋ ಗುಹೆಯ ಚಿಲುಮೆಗೆ ಹೋದನಂತೆ. ಗುಹೆಗೆ ಹೋದರೆ, ಈಗತಾನೇ ಲೋರೇಶಿಯಾಕ್ಕೆ ಹೊರಟ. ನಮ್ಮ ಮನೆಗೇ ವಾಪಸ್ ಬಂದರೆ, ಬಂದಿದ್ದ, ಹೋದ. ಕಾಲು ಸವೆದ ಮೇಲೆ ರಿರಿಜಾ ಅನ್ನುವ ಊರಿನ ತಂಗುಮನೆಯಲ್ಲಿ ಸಾಹೇಬರು ಸಿಗುತ್ತಾರೆ. ಸಿಕ್ಕವನು ಹೇಳುವ ಮೊದಲ ಮಾತು, ಅಯ್ಯೋ, ನಿಮ್ಮನ್ನು ಎಷ್ಟು ಹುಡುಕಿದೆ ಮಾರಾಯ್ರೆ ಅನ್ನುವ ಧಾಟಿಯದು. ಜಪಾನಿನಲ್ಲಿ ಈ ಮಾತು ಇವತ್ತಿಗೂ ನಗೆಚಟಾಕಿ.

ಅವನ ವಿದ್ಯೆ ನೋಡಿ. ಕತ್ತಿ ಹಿಡಿಯುತ್ತಾನೆ, ಆದರೆ ಲೋರೇಶಿಯಾದವನಷ್ಟು ಏಟಿಲ್ಲ. ಮಂತ್ರ ಹೇಳುತ್ತಾನೆ, ಆದರೆ ರಾಜಕುಮಾರಿಯಷ್ಟು ಜೋರಿಲ್ಲ. ಮೂಲ ಆಟದಲ್ಲಿ ಉಕ್ಕಿನ ಕತ್ತಿಯನ್ನೂ ಅವನ ಕೈಗೆ ಕೊಡುವ ಹಾಗಿಲ್ಲ. ದೊಡ್ಡಣ್ಣನಿಗೆ ಒಂದಾದ ಮೇಲೊಂದು ಹೊಸ ಕತ್ತಿ. ಇವನಿಗೆ ಬಹಳ ದೂರದವರೆಗೆ ಅದೇ ಕಬ್ಬಿಣದ ಈಟಿ. ದೀಪಾವಳಿಗೆ ಅಣ್ಣನಿಗೆ ಹೊಸ ಅಂಗಿ, ತಮ್ಮನಿಗೆ ಹಳೇದು ಅನ್ನುವ ಹಾಗೆ. ಕ್ರಿಕೆಟ್ಟಿನಲ್ಲೂ ಇಂಥವರಿರುತ್ತಾರೆ. ಏಳನೇ ನಂಬರಿನಲ್ಲಿ ಬ್ಯಾಟಿಂಗ್, ನಾಲ್ಕು ಓವರ್ ಬೌಲಿಂಗ್. ಮ್ಯಾಚ್ ಸೋತರೆ ಮೊದಲು ಬೈಗುಳ ತಿನ್ನುವವನು ಅವನೇ.

ಆಡುವವರೂ ಅವನಿಗೆ ಬೈದಿದ್ದೇ ಬೈದಿದ್ದು. ನಾನೂ ಬೈದಿದ್ದೇನೆ. ಆಮೇಲೆ ರೊಂಡಾರ್ಕಿಯಾ ಬಂತು.

ರೊಂಡಾರ್ಕಿಯಾ ಆಟದ ಕೊನೆಯ ಭಾಗ. ಮೊದಲು ಒಂದು ಗುಹೆ. ಕಾಣದ ಗುಂಡಿಗಳು, ಸುತ್ತಿ ಸುತ್ತಿ ಅಲ್ಲಿಗೇ ಬರುವ ದಾರಿಗಳು. ದಾಟಿ ಮೇಲೆ ಹತ್ತಿದರೆ ಬರೀ ಹಿಮ. ಅಲ್ಲಿ ಎದುರಾಗುವವರು ಯಾವ ಮುಲಾಜೂ ಇಲ್ಲದವರು. ಒಬ್ಬ ಒಂದು ಮಂತ್ರ ಹೇಳಿದರೆ ನಮ್ಮವರು ನಿಂತಲ್ಲೇ ಸಾಯಬಹುದು. ಇನ್ನೊಬ್ಬ ತನ್ನ ಪ್ರಾಣವನ್ನೇ ಕೊಟ್ಟು ನಮ್ಮ ಮೂವರನ್ನೂ ಒಟ್ಟಿಗೆ ಕರೆದುಕೊಂಡು ಹೋಗುತ್ತಾನೆ. ಈ ಭಾಗದ ಹದ ನೋಡಲು ಸಮಯ ಸಾಲಲಿಲ್ಲ ಅಂತ ಆಟ ಮಾಡಿದವರೇ ಆಮೇಲೆ ಒಪ್ಪಿಕೊಂಡಿದ್ದಾರೆ. ಅವರು ಒಪ್ಪಿಕೊಳ್ಳದಿದ್ದರೂ ನಮಗೆ ಗೊತ್ತಾಗುತ್ತಿತ್ತು ಬಿಡಿ.

ಇನ್ನೊಂದು ಸಂಕಟ ಕೇಳಿ. ಆಗ ಆಟ ಉಳಿಸಿಡಲು ಪಾಸ್‌ವರ್ಡ್ ಬರೆದುಕೊಳ್ಳಬೇಕಿತ್ತು. ಮೊದಲ ಭಾಗದಲ್ಲಿ 20 ಅಕ್ಷರ. ಎರಡನೆಯದರಲ್ಲಿ ಮೂವರ ಲೆಕ್ಕ ಇಡಬೇಕಲ್ಲ, ಅದು 52 ಅಕ್ಷರದವರೆಗೂ ಹೋಯಿತು. ಒಂದು ಅಕ್ಷರ ತಪ್ಪಿ ಬರೆದರೆ ವಾರಗಟ್ಟಲೆ ಆಡಿದ್ದೆಲ್ಲ ನೀರಲ್ಲಿ ಹೋಮ. ಆದರೆ ಆಡುವವರು ಬಿಡುತ್ತಾರಾ? ಯೂಜಿ ಹೋರಿ, ತೋರಿಯಾಮಾ ಅಕಿರಾ ಅನ್ನುವ ಹೆಸರುಗಳನ್ನೇ ಸೇರಿಸಿ, ಮುಂದೆ ಸಾಲಾಗಿ ಪೆ ಪೆ ಪೆ ಅಂತ ತುಂಬಿಸುವ ಒಂದು ಪಾಸ್‌ವರ್ಡ್ ಪತ್ತೆಯಾಯಿತು. ಹಾಕಿದರೆ ನಾಯಕ ಒಂದೇ ಏಟಿಗೆ 48ನೇ ಹಂತದಲ್ಲಿ ಎದ್ದು ನಿಲ್ಲುತ್ತಾನೆ. ಅವನ ಹೆಸರು ಮೊಯೊಮೊತೊ. ಹಾಗಂದರೇನು ಅಂತ ಕೇಳಬೇಡಿ, ಅರ್ಥವೇ ಇಲ್ಲದ ಹೆಸರು.

ಹಂತ ಅಂದೆನಲ್ಲ. ಮೂಲ ಆಟದಲ್ಲಿ ಮೂವರ ಹಂತಕ್ಕೂ ಬೇರೆ ಬೇರೆ ಮಿತಿ. ಲೋರೇಶಿಯಾದವನಿಗೆ 50, ಸಮಾಲ್ಟ್ರಿಯಾದವನಿಗೆ 45, ರಾಜಕುಮಾರಿಗೆ 35. ಇಲ್ಲೂ ನಮ್ಮವನು ಮಧ್ಯದಲ್ಲೇ!

ನಾನು ಈ ಆಟವನ್ನು ಪೂರ್ತಿ ಆಡಿದ್ದು ಮೊಬೈಲಿನಲ್ಲಿ, ಶಿವಮೊಗ್ಗದ ಬಸ್ಸಿನಲ್ಲಿ ಓಡಾಡುವಾಗ. ಒಂದು ಸಂಜೆ ತರೀಕೆರೆ ದಾಟಿದೆ, ಮೊಬೈಲಿನೊಳಗೆ ನಾನು ರೊಂಡಾರ್ಕಿಯಾದ ಹಿಮದಲ್ಲಿದ್ದೇನೆ. ಒಂಟಿಕಣ್ಣಿನ ದೈತ್ಯರು ಅಡ್ಡ ಬಂದರು. ಮೊದಲ ಸುತ್ತಿಗೇ ರಾಜಕುಮಾರಿ ಮಲಗಿದಳು. ಮುಂದಿನ ಸುತ್ತಿಗೆ ನನ್ನ ಭೀಮನೂ ಹೋದ. ಉಳಿದವನು ಎಡಬಿಡಂಗಿ ಒಬ್ಬ. ಓಡು ಅಂತ ಒತ್ತಿದೆ. ಪುಣ್ಯಾತ್ಮ, ಓಡಿ ತಪ್ಪಿಸಿಕೊಂಡ. ಹಿಮದ ಮೇಲೆ ಅವನು ನಡೆಯುತ್ತಿದ್ದಾನೆ, ಹಿಂದೆ ಸಾಲಾಗಿ ಎರಡು ಶವಪೆಟ್ಟಿಗೆ. ಈ ಆಟದಲ್ಲಿ ಸತ್ತವರನ್ನು ಹಾಗೇ ತೋರಿಸುತ್ತಾರೆ.

ಸತ್ತವರನ್ನು ಎಬ್ಬಿಸುವ ಮಂತ್ರ ಈ ಮೂವರಲ್ಲಿ ಗೊತ್ತಿರುವುದು ಅವನೊಬ್ಬನಿಗೇ. ದೊಡ್ಡ ಮಂತ್ರವಾದಿ ಅನ್ನಿಸಿಕೊಂಡ ರಾಜಕುಮಾರಿಗೆ ಅದು ಬರುವುದಿಲ್ಲ. ಅವನ ಹತ್ತಿರ ಒಂದು ಸಲಕ್ಕೆ ಸಾಕಾಗುವಷ್ಟೇ ಶಕ್ತಿ ಉಳಿದಿತ್ತು. ಯಾರನ್ನು ಎಬ್ಬಿಸಲಿ? ಕಂಡಕ್ಟರ್ ಟಿಕೆಟ್ ಕೇಳಿದ್ದೂ ನನಗೆ ಕೇಳಿಸಲಿಲ್ಲ.

ಅವನಿಗೆ ಒಬ್ಬಳು ಪುಟ್ಟ ತಂಗಿ ಇದ್ದಾಳೆ. ಹಳೇ ಆಟದಲ್ಲಿ ಕೋಟೆಯೊಳಗೆ ನಿಂತು ಎರಡು ಮಾತಾಡಿ ಸುಮ್ಮನಾಗುವ ಹುಡುಗಿ. ಈ ಆಟವನ್ನು ಮೊದಲ ಭಾಗದ ಜೊತೆ ಹೊಸದಾಗಿ ಮಾಡಿ 2025ರ ಅಕ್ಟೋಬರ್ 30ಕ್ಕೆ ಬಿಡುಗಡೆ ಮಾಡಿದರು. ಅದರಲ್ಲಿ ಅವಳು ನಾಲ್ಕನೆಯವಳಾಗಿ ಯುದ್ಧಕ್ಕೇ ಇಳಿದಿದ್ದಾಳೆ. ಬರೀ ಕತ್ತಿ ಬೀಸುತ್ತಿದ್ದ ದೊಡ್ಡಣ್ಣನಿಗೂ ಒಂದಿಷ್ಟು ವಿಶೇಷ ಪಟ್ಟು ಕಲಿಸಿದ್ದಾರೆ. ಒಳ್ಳೆಯದೇ. ಆದರೂ ಬರೀ ಸೊನ್ನೆ ಇಟ್ಟುಕೊಂಡು ಹೋರಾಡುತ್ತಿದ್ದ ಆ ಹಳೇ ಭೀಮ ನನಗೆ ಹೆಚ್ಚು ಇಷ್ಟ.

ಬಸ್ಸಿನ ಕಥೆ ಅರ್ಧಕ್ಕೆ ಬಿಟ್ಟೆ. ದೊಡ್ಡಣ್ಣನನ್ನೇ ಎಬ್ಬಿಸಿದೆ. ಎದ್ದವನು ಮುಂದೆ, ಕೈ ಖಾಲಿಯಾದ ಎಡಬಿಡಂಗಿ ನಡುವೆ, ರಾಜಕುಮಾರಿಯ ಪೆಟ್ಟಿಗೆ ಹಿಂದೆ. ಹಾಗೇ ಹಿಮ ತುಳಿಯುತ್ತಾ ಅಲ್ಲಿನ ಪುಟ್ಟ ಗುಡಿ ಮುಟ್ಟುವ ಹೊತ್ತಿಗೆ ನನ್ನ ಮೊಬೈಲಿನಲ್ಲಿ ಎರಡು ಪರ್ಸೆಂಟ್ ಚಾರ್ಜ್ ಉಳಿದಿತ್ತು. ಬಸ್ಸು ಭದ್ರಾವತಿಯಲ್ಲಿ ನಿಂತಿತ್ತು.