ಕಂಪನಿ ಬಿಡುವಾಗ ಹೆದರಬೇಕಾದದ್ದು ಯಾವುದಕ್ಕೆ?

[ದೃಶ್ಯ: ತೀರ್ಥಹಳ್ಳಿ ಬಳಿಯ ತೋಟದ ಮನೆ. ಜಗಲಿಯಲ್ಲಿ ಲ್ಯಾಪ್‌ಟಾಪ್.]

ನಮಸ್ಕಾರ. ಮಲೆನಾಡಿನ ಮನೆಯಲ್ಲೇ ಕುಳಿತು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುವವರು ಈಗ ಅಪರೂಪವಲ್ಲ. ಅಂಥವರಿಗೆ ಬೇರೆಡೆ ಕೆಲಸ ಸಿಕ್ಕಿತು ಎನ್ನಿ. ನೇಮಕಾತಿ ಪತ್ರದಲ್ಲೊಂದು ಸಾಲು: ‘ಕೆಲಸ ಬಿಟ್ಟ ಒಂದು ವರ್ಷ ಪ್ರತಿಸ್ಪರ್ಧಿ ಕಂಪನಿಗೆ ಸೇರುವಂತಿಲ್ಲ.’ ಎದೆ ಧಸಕ್ಕೆನ್ನುತ್ತದೆ.

ಈ ನಾನ್‌ಕಾಂಪೀಟ್ ಷರತ್ತು ನಮ್ಮಲ್ಲಿ ಬಹುಮಟ್ಟಿಗೆ ಬರೀ ಬೆದರುಬೊಂಬೆ. 1872ರ ಕರಾರು ಕಾಯಿದೆಯ 27ನೇ ಕಲಂ ಪ್ರಕಾರ, ಕಾನೂನುಬದ್ಧ ವೃತ್ತಿ ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ. ಕ್ರಿಕೆಟಿಗ ಜಹೀರ್ ಖಾನ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ, ಕರಾರಿನ ಅವಧಿ ಮುಗಿದ ಮೇಲಿನ ನಿರ್ಬಂಧಕ್ಕೆ ಇದೇ ಕಲಂ ಅಡ್ಡ ಬರುತ್ತದೆ ಎಂದಿತು. ನೌಕರಿಯಲ್ಲಿರುವಾಗಲೇ ಇನ್ನೊಬ್ಬರಿಗೆ ದುಡಿಯಬಾರದೆಂಬ ಷರತ್ತು ಮಾತ್ರ ಗಟ್ಟಿ. ಬಾಂಡ್ ವಿಷಯವೂ ಬೇರೆ: ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ ಎರಡು ಲಕ್ಷ ರೂಪಾಯಿ ಎಂಬ ವಿಜಯಾ ಬ್ಯಾಂಕಿನ ಷರತ್ತನ್ನು 2025ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

[ದೃಶ್ಯ: ಶಿವಮೊಗ್ಗದ ಅಡಿಕೆ ಮಂಡಿ.]

ಹೆದರಬೇಕಾದದ್ದು ವ್ಯಾಪಾರ ರಹಸ್ಯಕ್ಕೆ. ಇಲ್ಲಿನ ಗುಮಾಸ್ತರು ಅಡಿಕೆಯನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ದರ್ಜೆಗಳಾಗಿ ಕಣ್ಣಳತೆಯಲ್ಲೇ ಬೇರ್ಪಡಿಸುತ್ತಾರೆ. ಮಂಡಿ ಬದಲಿಸಿದರೆ ಆ ಕಣ್ಣು ಅವರ ಜೊತೆಗೇ ಹೋಗುತ್ತದೆ, ಯಾರೂ ತಡೆಯಲಾರರು. ಯಾವ ಬೆಳೆಗಾರರಿಗೆ ಎಷ್ಟು ಮುಂಗಡ ಕೊಟ್ಟಿದೆ ಎಂಬ ಖಾತೆ ಪುಸ್ತಕ ಹೊತ್ತೊಯ್ದರೆ ಮಾತ್ರ ಕಳ್ಳತನ.

ಐಟಿಯಲ್ಲಿ ಈ ಖಾತೆ ಪುಸ್ತಕ ಪೆನ್‌ಡ್ರೈವಿನೊಳಗೆ ಹಿಡಿಯುತ್ತದೆ, ಅದೇ ತೊಂದರೆ. ಕೊನೆಯ ದಿನದ ಸಂಜೆ ‘ನಾನೇ ಬರೆದದ್ದಲ್ಲವೇ’ ಎಂದು ಕೋಡ್ ನಕಲಿಸಿಕೊಳ್ಳುತ್ತಾರೆ. ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದ ಕೋಡಿನ ಹಕ್ಕು ಕಂಪನಿಯದು; ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಂ ಹೇಳುವುದು ಅದನ್ನೇ. ವ್ಯಾಪಾರ ರಹಸ್ಯಕ್ಕೆಂದೇ ಪ್ರತ್ಯೇಕ ಕಾಯಿದೆ ಬೇಕೆಂದು ಕಾನೂನು ಆಯೋಗ 2024ರಲ್ಲಿ ಶಿಫಾರಸು ಮಾಡಿತು. ಹಾಗೆಂದು ಈಗ ರಕ್ಷಣೆಯೇ ಇಲ್ಲವೆಂದಲ್ಲ. ಅನುಮತಿಯಿಲ್ಲದೆ, ವಂಚಿಸುವ ಉದ್ದೇಶದಿಂದ ದತ್ತಾಂಶ ನಕಲಿಸಿದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇವೆ.

ಕ್ಯಾಲಿಫೋರ್ನಿಯಾದಲ್ಲೂ ಪ್ರತಿಸ್ಪರ್ಧಿಯ ಕಡೆ ಸೇರುವುದು ತಪ್ಪಲ್ಲ. ಆದರೂ ಗೂಗಲ್ ಬಿಡುವ ಮುನ್ನ ಚಾಲಕರಹಿತ ಕಾರಿನ ಸುಮಾರು 14,000 ಕಡತಗಳನ್ನು ಇಳಿಸಿಕೊಂಡ ಆರೋಪ ಹೊತ್ತ ಎಂಜಿನಿಯರ್ ಒಬ್ಬರು ರಹಸ್ಯ ಕದ್ದದ್ದನ್ನು ಒಪ್ಪಿಕೊಂಡರು. 2020ರಲ್ಲಿ 18 ತಿಂಗಳ ಶಿಕ್ಷೆಯಾಯಿತು. ಮುಂದೆ ಅಮೆರಿಕದ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು ಅನ್ನಿ, ಅದು ಎಲ್ಲರಿಗೂ ಸಿಗುವಂಥದ್ದಲ್ಲ.

ಸಂಬಳದ ಚೀಟಿ, ಫಾರಂ 16, ಅನುಭವ ಪತ್ರ ನಿಮ್ಮವು. ಕೇಳಿ ಪಡೆಯಿರಿ. ಲ್ಯಾಪ್‌ಟಾಪನ್ನು ಮಾತ್ರ ನೀವೇ ಒರೆಸಿ ಖಾಲಿ ಮಾಡಿ ಕೊಡಬೇಡಿ. ಸಾಕ್ಷ್ಯ ಅಳಿಸಿದಿರಿ ಎಂಬ ಮಾತು ಬರುತ್ತದೆ. ಇದ್ದ ಹಾಗೆಯೇ ಒಪ್ಪಿಸಿ, ರಸೀದಿ ಪಡೆಯಿರಿ.